ಹೂ ಬಿಟ್ಟ ಗೊಬ್ಬರ

ದೊಡ್ಡಕ್ಕನ ಬಲಗೈ ಹೆಬ್ಬೆರಳಿನ ಉಗುರು ವರ್ಷದ ಹೆಚ್ಚಿನ ತಿಂಗಳು ಹಸಿರಾಗಿಯೇ ಇರುತ್ತಿತ್ತು. ಉದ್ದು, ಹೆಸರು, ಅಲಸಂಡೆ, ಯಾವುದರ ಕೋಡು ಕೈಗೆ ಸಿಕ್ಕಿದರೂ ಆ ಉಗುರನ್ನು ಅದರ ಬೆನ್ನಿಗೆ ಒತ್ತಿ ಒಂದೇ ಎಳೆತಕ್ಕೆ ಸೀಳುತ್ತಿದ್ದರು. ಕಾಳು ಮಡಿಲಿಗೆ, ಸಿಪ್ಪೆ ದನದ ಬಾಯಿಗೆ. ಹೀಗೆ ಸೀಳುವಾಗ ಅವರು ಕೋಡಿನ ಕಡೆ ನೋಡುತ್ತಲೇ ಇರಲಿಲ್ಲ. ಎದುರಿಗೆ ಕುಳಿತವರ ಮುಖವನ್ನೇ ನೋಡುತ್ತಿದ್ದರು. ಕುಳಿತವನಿಗೆ ಮುಂದಿನ ಸರದಿ ತನ್ನದೇನೋ ಎನಿಸಿಬಿಡುತ್ತಿತ್ತು.

ನಾನು ಅವರ ಎದುರಿಗೆ ಮೊದಲ ಸಲ ಕುಳಿತದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಗದಗಿನ ಕಡೆಯವನಾದ ನನಗೆ ಗ್ರಾಮಸೇವಕನ ಕೆಲಸ ಸಿಕ್ಕಿ, ಪುತ್ತೂರಿಗೆ ಹಾಕಿದ್ದರು. ದರ್ಬೆಯಲ್ಲಿ ಒಂದು ಬಾಡಿಗೆ ಕೋಣೆ, ಒಂದು ಸೈಕಲ್ಲು, ಕುಂಬ್ರದ ಸುತ್ತಿನ ಹಳ್ಳಿಗಳು ನನ್ನ ಪಾಲಿಗೆ. ಆ ವರ್ಷ ನಮಗೆ ಒಪ್ಪಿಸಿದ್ದ ಕೆಲಸ ಹಸಿರು ಗೊಬ್ಬರದ್ದು. ಅಲ್ಲಿಯ ಜನ ಭತ್ತದ ಗದ್ದೆಗೆ ಗುಡ್ಡದಿಂದ ಸೊಪ್ಪು ಹೊತ್ತು ತರುತ್ತಿದ್ದರು. ಅದರ ಬದಲು ಗದ್ದೆಯಲ್ಲೇ ದ್ವಿದಳ ಜಾತಿಯ ಗಿಡ ಬೆಳೆಸಿ, ಹೂ ಬಿಟ್ಟ ಕೂಡಲೇ ಉತ್ತು ಮಣ್ಣಿಗೆ ಸೇರಿಸಿ, ಅದರ ಮೇಲೆ ಮಳೆಗಾಲದ ಏಣೇಲು ಬೆಳೆಯ ನೇಜಿ, ಅಂದರೆ ಭತ್ತದ ಸಸಿ, ನೆಡಿ ಎಂದು ನಾವು ಹೇಳಬೇಕು. ಹೇಳಿದರೆ ಸಾಲದು, ರಸ್ತೆ ಬದಿಯ ಯಾರದಾದರೂ ಗದ್ದೆಯಲ್ಲಿ ಮಾಡಿ ತೋರಿಸಬೇಕು.

ಕುಂಬ್ರದಿಂದ ಸ್ವಲ್ಪ ಮುಂದೆ, ರಸ್ತೆಗೆ ತಾಗಿಯೇ ಒಂದು ಒಳ್ಳೆಯ ಗದ್ದೆ ಕಂಡಿತು. ಮೇಲೆ ಮನೆ. ಯಾರೂ ಕಾಣಲಿಲ್ಲ. ಮೊದಲು ಮಣ್ಣಿನ ಮಾದರಿ ತೆಗೆದುಕೊಂಡು, ಆಮೇಲೆ ಮಾತಾಡಿಸಿದರಾಯಿತೆಂದು ಪಿಕ್ಕಾಸು ಎತ್ತಿದೆ. ಅದು ಇಳಿಯುವ ಮೊದಲೇ ಮೇಲಿನಿಂದ ಧ್ವನಿ ಇಳಿಯಿತು.

"ಎಂತ ಮಾಡುದು ನೀವು ಅಲ್ಲಿ?"

"ಮಣ್ಣಿನ ಮಾದರಿ ತಗೋತಿದ್ದೀನ್ರೀ."

ಐವತ್ತು ದಾಟಿದ, ಎತ್ತರದ ಹೆಂಗಸೊಬ್ಬರು ಬದುವಿನ ಮೇಲೆ ನಿಧಾನ ನಡೆದು ಬಂದು ನನ್ನ ಕೈಯಿಂದ ಪಿಕ್ಕಾಸನ್ನು ತೆಗೆದುಕೊಂಡರು. ಕಸಿದುಕೊಂಡರು ಎನ್ನಲಾರೆ, ಮಗುವಿನ ಕೈಯಿಂದ ಕತ್ತಿ ತೆಗೆದಿಡುವ ಹಾಗೆ ತೆಗೆದುಕೊಂಡರು.

"ಇವತ್ತು ಕೆಡ್ಡಸ. ಭೂಮಿ ತಾಯಿ ಹೊರಗೆ ಕೂತಿದ್ದಾಳೆ. ಮೂರು ದಿನ ಯಾರೂ ಮಣ್ಣು ಅಗೆಯುದಿಲ್ಲ. ನಿಮ್ಮ ಊರಲ್ಲಿ ಹೇಳಿ ಕಳಿಸ್ಲಿಲ್ವಾ?"

ಭೂಮಿಯೂ ಹೆಂಗಸರ ಹಾಗೆ ಹೊರಗೆ ಕೂರುತ್ತಾಳೆಂದು ಅರ್ಥ ಮಾಡಿಕೊಳ್ಳಲು ನನಗೆ ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಾಚಿಕೆಯಾಗಿ ಪಿಕ್ಕಾಸು ವಾಪಸು ಕೇಳಲಿಲ್ಲ. "ಗೊತ್ತಿರಲಿಲ್ರೀ, ತಪ್ಪಾಯ್ತ್ರೀ" ಎಂದೆ.

"ರೀ ಅಂತ ಹೆಂಡತಿ ಗಂಡನಿಗೆ ಹೇಳುದು. ನನಗೆ ಹೇಳ್ಬೇಡಿ. ಎಲ್ಲರೂ ದೊಡ್ಡಕ್ಕ ಅಂತಾರೆ, ನೀವೂ ಹಾಗೇ ಹೇಳಿ. ಬನ್ನಿ, ಬಾಯಾರಿಕೆಗೆ ಕುಡಿದು ಹೋಗಿ."

ಜಗಲಿಯಲ್ಲಿ ಅವರ ತಮ್ಮ ಸಂಜೀವಣ್ಣ ಕುಳಿತಿದ್ದರು. ಆ ಮನೆಯಲ್ಲಿ ಅಕ್ಕ ಮಾತಾಡುವವರು, ತಮ್ಮ ಉಳುವವರು. ಇಬ್ಬರೂ ಇನ್ನೊಬ್ಬರ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ದೊಡ್ಡಕ್ಕ ಹುರಿದ ಅಕ್ಕಿಹುಡಿಗೆ ಬೆಲ್ಲ, ತೆಂಗಿನಕಾಯಿ ಬೆರೆಸಿದ ಕೆಡ್ಡಸದ ತಿಂಡಿಯನ್ನು ಬಾಳೆಲೆಯ ತುಂಡಿನಲ್ಲಿ ಕೊಟ್ಟು, "ಈಗ ಹೇಳಿ, ಎಂತಕ್ಕೆ ಬಂದದ್ದು?" ಎಂದರು. ತರಬೇತಿಯಲ್ಲಿ ಉರು ಹೊಡೆದದ್ದನ್ನು ನಾನು ಶುರು ಮಾಡಿದೆ.

"ಈ ಗಿಡಗಳ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ. ಅವು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ."

"ಯಾರ ಸಾರು?"

"ಸಾರಲ್ಲ ದೊಡ್ಡಕ್ಕ, ಸಾರಜನಕ."

"ಜನಕ ಮಹಾರಾಜರ ಸಾರಾ?"

ಸಂಜೀವಣ್ಣ ಗೋಡೆಯ ಕಡೆ ತಿರುಗಿ ಕುಳಿತರು. ಅವರ ಬೆನ್ನು ಅಲುಗುತ್ತಿತ್ತು. ಒಂದು ವಾರದಲ್ಲಿ ಕುಂಬ್ರಕ್ಕೆಲ್ಲ ನಾನು 'ಜನಕ ಮಾರಾಯ್ರು' ಆದೆ. ಬಸ್ಸಿನ ಕಂಡಕ್ಟರ್ ಕೂಡ "ಜನಕ ಮಾರಾಯ್ರೆ, ಇಳೀರಿ" ಎನ್ನುತ್ತಿದ್ದ. ನನ್ನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು.

ತಮಾಷೆ ಮುಗಿದ ಮೇಲೆ ದೊಡ್ಡಕ್ಕ ವಿಷಯವನ್ನು ಗಂಭೀರವಾಗಿಯೇ ಕೇಳಿದರು. ಸುಗ್ಗಿ ಬೆಳೆ ಕೊಯ್ದ ಮೇಲೆ ಉದ್ದು ಹಾಕಿದ ಗದ್ದೆಯಲ್ಲಿ ಮುಂದಿನ ಏಣೇಲು ಚೆನ್ನಾಗಿ ಬರುವುದನ್ನು ಆ ಊರಿನ ಎಲ್ಲರೂ ಕಂಡಿದ್ದರು. ಆದರೆ ಅವರು ಕಾಳು ಒಳಗೆ ತಂದ ಮೇಲಷ್ಟೇ ಗಿಡವನ್ನು ಗದ್ದೆಗೆ ಬಿಡುತ್ತಿದ್ದುದು.

"ನೀವು ಹೇಳುದು ಕಾಯಿ ಆಗುವ ಮೊದಲಾ?"

"ಮೊದಲು. ಹೂ ಬಿಟ್ಟ ಹೊತ್ತಿಗೇ. ಆಮೇಲೆ ಸತ್ವವೆಲ್ಲ ಕಾಳಿಗೆ ಹೋಗ್ತದೆ, ಗಿಡವೂ ಬಲಿತು ಕೊಳೆಯುವುದು ತಡವಾಗ್ತದೆ."

ಅವರ ಉಗುರು ಕೋಡಿನ ಮೇಲೆ ನಿಂತಿತು. "ಹೂ ಬಿಟ್ಟ ಮೇಲೆ ಅದು ಬಸುರಿ ಅಲ್ವಾ ಮಾರಾಯ್ರೆ? ಬಸುರಿಯನ್ನು ಮಣ್ಣು ಮಾಡ್ತಾರಾ ಯಾರಾದ್ರು?"

ಬಸುರಿಯರ ವಿಷಯದಲ್ಲಿ ಅವರಿಗೆ ಎದುರು ಹೇಳುವವರು ಆ ಸುತ್ತಿನಲ್ಲಿ ಇರಲಿಲ್ಲ. ಯಾರ ಮನೆಯಲ್ಲಿ ಹೆರಿಗೆ ನೋವು ಬಂದರೂ ಮೊದಲು ಕರೆ ಬರುತ್ತಿದ್ದುದು ದೊಡ್ಡಕ್ಕನಿಗೆ. ದೊಡ್ಡ ಮೀಸೆಯ ಗಂಡಸರು ಹಾದಿಯಲ್ಲಿ ಎದುರಾದರೆ, "ಇವನು ಕಾಲು ಮುಂದೆ ಮಾಡಿ ಬಂದವ, ಈಗಲೂ ಹಾಗೇ, ಎಲ್ಲ ಉಲ್ಟಾ" ಎಂದು ನನಗೆ ಪರಿಚಯ ಮಾಡಿಕೊಡುತ್ತಿದ್ದರು. ಮೀಸೆಯವರು ತಲೆ ತಗ್ಗಿಸಿ ಹೋಗುತ್ತಿದ್ದರು. ಅಂಥವರಿಗೆ ನಾನು ಏನು ಹೇಳಲಿ? ಕಡೆಗೆ ಒಂದು ರಾಜಿಯಾಯಿತು. ಅಲಸಂಡೆಯೂ ಒಳ್ಳೆಯ ಹಸಿರು ಗೊಬ್ಬರವೇ. ಅದನ್ನೇ ಹಾಕೋಣ, ಹೂ ಬಿಟ್ಟಾಗ ಉಳೋಣ. "ಆಗ ನೋಡುವ" ಎಂದರು ದೊಡ್ಡಕ್ಕ. ಆ ಊರಿನಲ್ಲಿ 'ನೋಡುವ' ಎಂದರೆ ಏನರ್ಥ ಎಂದು ನನಗೆ ಆಗ ತಿಳಿದಿರಲಿಲ್ಲ.

ಏಪ್ರಿಲ್ ನಡುವಿನ ಬಿಸು ಹಬ್ಬದ ನಂತರದ ಮೊದಲ ಮಳೆಗೆ ಅಲಸಂಡೆ ಬಿತ್ತಿದರು. ನಾನು ಆಫೀಸಿನಿಂದ 'ಹಸಿರು ಗೊಬ್ಬರ ಪ್ರಾತ್ಯಕ್ಷಿಕೆ' ಎಂಬ ಬೋರ್ಡು ತಂದು ಬದುವಿನಲ್ಲಿ ನೆಟ್ಟೆ. ಗಿಡ ಸೊಗಸಾಗಿ ಬಂತು. ಮಳೆಗಾಲದ ಬಾಗಿಲಲ್ಲಿ ಹೂ ಬಿಟ್ಟಿತು. ನಾನು ಓಡಿ ಹೋದೆ. ಸಂಜೀವಣ್ಣ ಎತ್ತು ಕಟ್ಟಿಕೊಂಡು ನಿಂತಿದ್ದರು.

"ನಾಲ್ಕು ದಿನ ಬಿಡಿ" ಎಂದರು ದೊಡ್ಡಕ್ಕ. "ಎಳೆ ಕೋಡು ಬರ್ಲಿ. ಒಂದು ಪಲ್ಯಕ್ಕೆ."

ಎಳೆ ಕೋಡು ಬಂತು. ಪಲ್ಯ ತಿಂದೆ. ನಿಜ ಹೇಳಬೇಕೆಂದರೆ ಎರಡು ಸಲ ಹಾಕಿಸಿಕೊಂಡೆ. ಮರುವಾರ ಹೋದಾಗ, "ಈಗ ಕಾಳು ತುಂಬಿದೆ. ಒಂದು ಸಾರಿಗೆ ಆಗ್ಲಿ, ನಿಮ್ಮ ಜನಕ ಮಹಾರಾಜರ ಸಾರು" ಎಂದರು. ಆ ಸಾರೂ ಆಯಿತು. ಅದರ ನಂತರ ಸೌತೆಕಾಯಿ ಹಾಕಿದ ಪದಾರ್ಥ. ಅದರ ನಂತರ, "ಬೀಜಕ್ಕೆ ಇಡುದು ಬೇಡ್ವಾ? ನೀವೆಂತ ಸರಕಾರದ ಜನ, ಮುಂದಿನ ವರ್ಷದ ಯೋಚನೆಯೇ ಇಲ್ಲ." ನನಗೆ ಕೋಪ ಬರಬೇಕಿತ್ತು. ಆದರೆ ಅಷ್ಟು ಉಂಡ ಮನೆಯಲ್ಲಿ ಕೋಪ ಮಾಡಿಕೊಳ್ಳುವುದು ಹೇಗೆಂದು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಸುತ್ತಿನ ಗದ್ದೆಗಳಲ್ಲೆಲ್ಲ ನೇಜಿ ನೆಟ್ಟಾಗಿತ್ತು. ನನ್ನ ಪ್ರಾತ್ಯಕ್ಷಿಕೆಯ ಗದ್ದೆಯಲ್ಲಿ ಮಾತ್ರ ಹೆಂಗಸರು ಮಳೆ ಬಿಟ್ಟಾಗಲೆಲ್ಲ ಕೋಡು ಕೊಯ್ಯುತ್ತಿದ್ದರು.

ಅದೇ ಹೊತ್ತಿಗೆ ಮಂಗಳೂರಿನಿಂದ ಮೇಲಧಿಕಾರಿಗಳು ಜೀಪಿನಲ್ಲಿ ಬಂದರು. ಅಲಸಂಡೆಯ ಬಳ್ಳಿ ಬೋರ್ಡನ್ನು ಹತ್ತಿ, 'ಗೊಬ್ಬರ' ಎಂಬ ಶಬ್ದವನ್ನು ಪೂರ್ತಿ ಮುಚ್ಚಿ, ಅದರ ಮೇಲೆ ನಾಲ್ಕು ಕೋಡು ಇಳಿಬಿಟ್ಟಿತ್ತು. ಅಧಿಕಾರಿಗಳು ಅದನ್ನು ಬಹಳ ಹೊತ್ತು ನೋಡಿದರು. ದೊಡ್ಡಕ್ಕ ಅವರನ್ನು ಕರೆದು ಊಟಕ್ಕೆ ಕೂರಿಸಿದರು. ಉಂಡೆದ್ದು ಜೀಪು ಹತ್ತುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ನಿಮ್ಮನ್ನು ಇಲಾಖೆ ಕಳಿಸಿದ್ದು ಗೊಬ್ಬರಕ್ಕೋ, ಪಲ್ಯಕ್ಕೋ?"

ನಾನು ಬೋರ್ಡಿನ ಕಡೆ ನೋಡಿದೆ.

"ಪಲ್ಯ ಚೆನ್ನಾಗಿತ್ತು, ಅದು ಬೇರೆ ಮಾತು. ಮುಂದಿನ ವರ್ಷ ಹೂವಿನ ಗದ್ದೆ ಉಳುವುದನ್ನು ನಾನೇ ಬಂದು ನೋಡ್ತೇನೆ. ಇಲ್ಲದಿದ್ದರೆ ನಿಮ್ಮ ಪ್ರೊಬೇಷನ್ ಮುಗಿಯುವುದಿಲ್ಲ, ಕೆಲಸವೇ ಮುಗಿಯುತ್ತದೆ."

ಮರುವರ್ಷ ನಾನು ಬುದ್ಧಿವಂತನಾದೆ. ಡಯಂಚದ ಬೀಜ ತಂದೆ. ಅದು ಗೊಬ್ಬರಕ್ಕಲ್ಲದೆ ಬೇರೆ ಯಾವುದಕ್ಕೂ ಬರುವುದಿಲ್ಲ. ದೊಡ್ಡಕ್ಕ ಬೀಜವನ್ನು ಅಂಗೈಯಲ್ಲಿ ಹರಡಿ ನೋಡಿದರು.

"ತಿನ್ಲಿಕ್ಕೆ ಆಗ್ತದಾ?"

"ಇಲ್ಲ ದೊಡ್ಡಕ್ಕ."

"ಹೂ ಮುಡೀಲಿಕ್ಕೆ?"

"ಇಲ್ಲ."

"ಮತ್ತೆ ಅದು ಹುಟ್ಟುದಾದ್ರು ಎಂತಕ್ಕೆ?"

"ಭೂಮಿಗೆ ತಿನ್ನಲಿಕ್ಕೆ" ಎಂದೆ. ಅವರು ಒಪ್ಪಿದರು. ಭೂಮಿಗೆ ಬಡಿಸುವುದರಲ್ಲಿ ಅವರಿಗೆ ತಕರಾರಿರಲಿಲ್ಲ. ಆ ವರ್ಷ ಅಲಸಂಡೆಯನ್ನು ಹಿಂದಿನ ಗದ್ದೆಗೆ ಹಾಕಿ, ರಸ್ತೆ ಬದಿಯದನ್ನು ನನಗೆ ಬಿಟ್ಟುಕೊಟ್ಟರು. ಡಯಂಚ ನನಗಿಂತ ಎತ್ತರ ಬೆಳೆಯಿತು. ತಿನ್ನಲು ಬಾರದ್ದನ್ನು ಉಳಲು ಇವರಿಗೇನು ಅಡ್ಡಿ ಎಂದು ನಾನು ಧೈರ್ಯವಾಗಿದ್ದೆ. ನೇಜಿ ನೆಡುವ ಹೊತ್ತಿಗೆ ಸರಿಯಾಗಿ ಗದ್ದೆಯಿಡೀ ಹಳದಿ ಹೂ ಬಿಟ್ಟಿತು.

ಅಧಿಕಾರಿಗಳು ಬರುವ ದಿನ ಬೆಳಗ್ಗೆ ಹೋದರೆ, ದೊಡ್ಡಕ್ಕ ಬದುವಿನಲ್ಲಿ ನಿಂತಿದ್ದರು. ಎರಡು ಮಳೆಯ ನಡುವೆ ಎಳೆ ಬಿಸಿಲು ಬಿದ್ದಿತ್ತು.

"ನೋಡಿ, ಜೇನು ಬಂದಿದೆ" ಎಂದರು. "ಅವುಗಳ ಕೆಲಸ ಮುಗೀಲಿ. ಎಂಟು ದಿನ."

"ದೊಡ್ಡಕ್ಕ, ಇವತ್ತು ಹನ್ನೊಂದು ಗಂಟೆಗೆ ಸಾಹೇಬರು ಬರ್ತಾರೆ."

"ಬರ್ಲಿ. ಅವರಿಗೆ ಕೋಳಿ ಮಾಡಿದ್ದೇನೆ."

ನಾನು ಸಂಜೀವಣ್ಣನ ಕಡೆ ಓಡಿದೆ. ಅವರು ಕೊಟ್ಟಿಗೆಯಲ್ಲಿ ತಲೆ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ನೊಗ ಇರಲಿಲ್ಲ. ನೇಗಿಲಿದೆ, ಎತ್ತುಗಳಿವೆ, ನೊಗ ಇಲ್ಲ. ಹುಲ್ಲಿನ ಅಟ್ಟ, ಸೌದೆ ಕೊಟ್ಟಿಗೆ, ಬಾವಿಯ ಕಟ್ಟೆ ಎಲ್ಲ ಹುಡುಕಿದೆವು. ದೊಡ್ಡಕ್ಕ ಜಗಲಿಯಲ್ಲಿ ಕುಳಿತು ಅಲಸಂಡೆ ಸೀಳುತ್ತ, "ನಾನೆಂತ ನೊಗಕ್ಕೆ ಕಾವಲಾ?" ಎಂದರು. ಸಂಜೀವಣ್ಣ ನನ್ನ ಕಿವಿಯಲ್ಲಿ, "ಅವಳಿಗೆ ಗೊತ್ತುಂಟು. ಆದ್ರೆ ನಾನು ಕೇಳುದಿಲ್ಲ, ನಾಳೆಯೂ ನಾನು ಇಲ್ಲೇ ಇರ್ಬೇಕಲ್ಲ" ಎಂದರು.

ನಾನು ಹೋಗಿ ದೊಡ್ಡಕ್ಕನ ಎದುರಿಗೆ ಜಗಲಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಕೆಲಸ ಹೋಗುವುದೆಂದು ಹೇಳಿದೆ. ಊರಿನಲ್ಲಿ ಅಪ್ಪ, ಮಗ ದೊಡ್ಡ ಆಫೀಸರ್ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದಾರೆ, ಹೆಣ್ಣು ಕೂಡ ಗೊತ್ತಾಗಿದೆ, ಈಗ ವಾಪಸು ಹೋದರೆ ಅಪ್ಪ ಬಾಗಿಲು ತೆಗೆಯುವುದಿಲ್ಲ, ಹೆಣ್ಣಿನವರೂ ತೆಗೆಯುವುದಿಲ್ಲ ಎಂದೆ. ತಮಾಷೆಗೆ ಹೇಳುವಂತೆ ಶುರು ಮಾಡಿದ್ದು, ಮುಗಿಯುವಾಗ ನನ್ನ ಧ್ವನಿ ನೆಟ್ಟಗಿರಲಿಲ್ಲ.

ದೊಡ್ಡಕ್ಕ ಕೈಯಲ್ಲಿದ್ದ ಕೋಡನ್ನು ಸೀಳದೆ ಕೆಳಗಿಟ್ಟರು.

"ಹೆಣ್ಣು ಗೊತ್ತಾದ್ದು ಮೊದಲೇ ಹೇಳ್ಬಾರ್ದಾ ಮಾರಾಯ್ರೆ?"

ಒಳಗೆ ಹೋದರು. ಬಚ್ಚಲುಮನೆಯ ಹಂಡೆಯ ಹಿಂದಿನಿಂದ ನೊಗವನ್ನು ಎಳೆದು ತಂದು ತಮ್ಮನ ಮುಂದೆ ಹಾಕಿದರು. "ಬದುವಿನ ಬದಿ ಒಂದು ಸಾಲು ಬಿಡು. ಬೀಜಕ್ಕೆ" ಎಂದಷ್ಟೇ ಹೇಳಿ, ಕೊಡೆ ಬಿಡಿಸಿಕೊಂಡು ನನ್ನ ಜೊತೆ ಗದ್ದೆಗೆ ಇಳಿದರು. ಅಷ್ಟರಲ್ಲಿ ಮಳೆ ಮತ್ತೆ ಹಿಡಿದಿತ್ತು.

ಬದುವಿನ ಮೇಲೆ ಅವರು ಗದ್ದೆಗೆ ಬೆನ್ನು ಹಾಕಿ, ರಸ್ತೆಯ ಕಡೆ ಮುಖ ಮಾಡಿ ನಿಂತರು. ಹಿಂದಿನಿಂದ ಸಂಜೀವಣ್ಣ ಎತ್ತುಗಳನ್ನು ಕೂಗುವುದು, ಗಿಡ ನೀರಿಗೆ ಬೀಳುವುದು ಎಲ್ಲ ಕೇಳುತ್ತಿತ್ತು.

"ಎಂತಾದ್ರು ಮಾತಾಡಿ" ಎಂದರು.

"ಏನು ಮಾತಾಡಲಿ?"

"ಎಂತಾದ್ರು. ನಿಲ್ಲಿಸ್ಬೇಡಿ."

ನಾನು ಮಾತಾಡತೊಡಗಿದೆ. ನಮ್ಮೂರಿನ ಕಪ್ಪು ಮಣ್ಣು ಮಳೆಗಾಲದಲ್ಲಿ ಚಪ್ಪಲಿಯನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ, ನಮ್ಮವ್ವ ರೊಟ್ಟಿ ಬಡಿದರೆ ಆಚೆ ಓಣಿಗೆ ಹೇಗೆ ಕೇಳಿಸುತ್ತದೆ, ಅಕ್ಕನ ಮದುವೆಯಲ್ಲಿ ಬೀಗರ ಎಮ್ಮೆ ಹಗ್ಗ ಕಿತ್ತುಕೊಂಡು ಹಂದರದೊಳಗೆ ಬಂದದ್ದು, ಎಲ್ಲ ಹೇಳಿದೆ. ನಡುನಡುವೆ ಅವರು "ಆಯ್ತಾ?" ಎನ್ನುತ್ತಿದ್ದರು. ನಾನು ತಿರುಗಿ ನೋಡಿ, "ಅರ್ಧ ಆಯ್ತು" ಎನ್ನುತ್ತಿದ್ದೆ. ಮಾತಿಗೆ ವಿಷಯ ಮುಗಿದು ಹೋದಾಗ ಬೇರೇನೂ ತೋಚದೆ ಬೇರಿನ ಗಂಟು, ಗಾಳಿ, ಸಾರಜನಕ ಎಂದು ಮೊದಲಿನಿಂದ ಶುರು ಮಾಡಿದೆ. ದೊಡ್ಡಕ್ಕ ನಕ್ಕುಬಿಟ್ಟರು. ನಗುತ್ತ ಸೆರಗಿನಿಂದ ಮುಖ ಒರೆಸಿಕೊಂಡರು, ಆಮೇಲೆಯೂ ಒರೆಸುತ್ತಲೇ ಇದ್ದರು.

"ಮಳೆ ನೀರು" ಎಂದರು. ಕೊಡೆ ದೊಡ್ಡದಿತ್ತು, ಇಬ್ಬರ ಮೇಲೂ ಒಂದು ಹನಿ ಬಿದ್ದಿರಲಿಲ್ಲ. ನಾನು ಎಮ್ಮೆಯ ಕತೆಯನ್ನೇ ಇನ್ನೊಮ್ಮೆ ಹೇಳಿದೆ.

ಸಾಹೇಬರು ತಡವಾಗಿ ಬಂದರು. ಗದ್ದೆಯಲ್ಲಿ ಕೆಸರು ಮಾತ್ರ ಇತ್ತು.

"ಗಿಡ ಎಲ್ಲಿ?"

"ಒಳಗಿದೆ ಸಾರ್."

"ಇತ್ತು ಎನ್ನಲಿಕ್ಕೆ ಏನು ಸಾಕ್ಷಿ?"

ದೊಡ್ಡಕ್ಕ ಬದುವಿನ ಬದಿ ಉಳಿಸಿದ್ದ ಸಾಲನ್ನು ತೋರಿಸಿ, "ಇದರ ತಂಗಿಯಂದಿರೆಲ್ಲ ಒಳಗೆ ಇದ್ದಾರೆ. ಸಂಶಯ ಇದ್ರೆ ಚಪ್ಪಲಿ ಬಿಚ್ಚಿ ಇಳಿದು ನೋಡಿ" ಎಂದರು. ಸಾಹೇಬರು ಇಳಿಯಲಿಲ್ಲ. ಆ ಸಾಲಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಕೋಳಿ ಊಟ ಮಾಡಿ ಹೋದರು. ನನ್ನ ಪ್ರೊಬೇಷನ್ ಮುಗಿಯಿತು.

ಆ ಏಣೇಲು ಅವರ ಗದ್ದೆಯ ಪೈರು ಕಡು ಹಸಿರಾಗಿ ಬಂತು. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಒಂದು ಒಳ್ಳೆಯ ಮಾತು ಬರಬಹುದೆಂದು ನಾನು ದೊಡ್ಡಕ್ಕನ ಹತ್ತಿರ ಸುಳಿದಾಡಿದೆ.

"ಈ ಸಲ ಮಳೆ ಒಳ್ಳೆದಿತ್ತು" ಎಂದರು.

"ಆಚೆ ಗದ್ದೆಗೆ ಮಳೆ ಬರಲಿಲ್ವಾ ದೊಡ್ಡಕ್ಕ?"

"ಬಂತು. ಅವರ ಗದ್ದೆಗೆ ಕಿವಿ ಕೇಳುದಿಲ್ಲ, ಮಳೆ ಬಂದದ್ದು ಗೊತ್ತಾಗ್ಲಿಲ್ಲ."

ಆದರೆ ಮರುವರ್ಷ ಬಿಸುವಿಗೆ ಮೊದಲೇ, ಆ ಸಾಲಿನಿಂದ ಇಟ್ಟುಕೊಂಡಿದ್ದ ಡಯಂಚದ ಬೀಜ ತೆಗೆದು ಬಿಸಿಲಿಗೆ ಹಾಕಿದ್ದು ಅವರೇ. ನೆರೆಯ ಮನೆಯವರಿಗೂ ಒಂದೊಂದು ಸೇರು ಹಂಚಿ, "ಹೂ ಬಿಟ್ಟ ಕೂಡ್ಲೆ ಉಳ್ಬೇಕು, ನಂತ್ರ ಸತ್ವ ಇಲ್ಲ" ಎಂದು ನನಗಿಂತ ಜೋರಾಗಿ ಹೇಳುತ್ತಿದ್ದರು. ಒಂದು ಗದ್ದೆ ಅಲಸಂಡೆಗೆ, ಒಂದು ಗದ್ದೆ ಡಯಂಚಕ್ಕೆ. ಮರುವರ್ಷ ಅದಲು ಬದಲು. "ಒಂದು ನಮಗೆ, ಒಂದು ಅವಳಿಗೆ" ಎಂದು ಕಾಲಿನಿಂದ ನೆಲ ತೋರಿಸುತ್ತಿದ್ದರು.

ಉಳುವ ದಿನ ಮಾತ್ರ ನನಗೆ ಹೇಳಿ ಕಳಿಸುತ್ತಿದ್ದರು. ನನಗೆ ಕಡಬದ ಕಡೆಗೆ, ಇಚಿಲಂಪಾಡಿಗೆ ವರ್ಗವಾದ ಮೇಲೂ ಹೇಳಿ ಕಳಿಸುವುದು ನಿಲ್ಲಲಿಲ್ಲ. ನಾನು ಬಸ್ಸು ಹತ್ತಿ ಬಂದು, ಗದ್ದೆಗೆ ಬೆನ್ನು ಹಾಕಿ, ಅವರ ಕೊಡೆಯಡಿ ನಿಂತು ಮಾತಾಡುತ್ತಿದ್ದೆ. ಹೇಳಿದ್ದನ್ನೇ ಹೇಳಿದರೆ, "ಇದು ಹೋದ ವರ್ಷದ್ದು" ಎನ್ನುತ್ತಿದ್ದರು. ಹಾಗಾಗಿ ವರ್ಷವಿಡೀ ಕಂಡದ್ದು ಕೇಳಿದ್ದನ್ನು ಅವರಿಗೆಂದೇ ಕೂಡಿಟ್ಟುಕೊಳ್ಳುವುದು ಅಭ್ಯಾಸವಾಯಿತು. ರೈತರ ಎದುರಿಗೆ ಪುಸ್ತಕದ ಪಾಠ ಒಪ್ಪಿಸುತ್ತಿದ್ದವನು ಜನ ಕೇಳುವ ಹಾಗೆ ಮಾತಾಡಲು ಕಲಿತದ್ದು ಆ ಕೊಡೆಯಡಿಯಲ್ಲಿ. ಈಗ ಇದನ್ನು ಬರೆಯುತ್ತಿರುವ ಕೈಗೂ ಅಲ್ಲಿಯದೇ ಅಭ್ಯಾಸ.

ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋದಾಗ ಅವರು ಅವಳನ್ನು ಮೇಲಿಂದ ಕೆಳಗೆ ನೋಡಿ, "ಇವರನ್ನು ಎಂತ ಅಂತ ಕರೆಯುದು ನೀನು?" ಎಂದು ಕೇಳಿದರು. ಅವಳು ನಾಚಿ, "ರೀ ಅಂತೀನ್ರೀ" ಎಂದಳು. "ನನಗೂ ಹೇಳಿದ್ಯಲ್ಲ" ಎಂದು ಹಣೆ ಬಡಿದುಕೊಂಡರು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ಘಟ್ಟದ ಮೇಲಿದ್ದೆ. ಪುತ್ತೂರಿನ ಹಳೆಯ ಸಹೋದ್ಯೋಗಿಯೊಬ್ಬರು ಆಫೀಸಿಗೆ ಫೋನು ಮಾಡಿ, ದೊಡ್ಡಕ್ಕ ಹೋದರೆಂದು ಹೇಳಿದರು. ಸುಗ್ಗಿಯ ಕೊಯ್ಲು ನಡೆಯುವಾಗ, ಜಗಲಿಯಲ್ಲಿ ಗೋಡೆಗೆ ಒರಗಿ ಕುಳಿತವರು ಹಾಗೆಯೇ ಹೋದರಂತೆ. ನನಗೆ ತಲುಪಲು ಸಾಧ್ಯವಾದದ್ದು ಬೊಜ್ಜದ ದಿನ. ಹದಿಮೂರನೆಯ ದಿನದ ಆ ಊಟಕ್ಕೆ ಅಂಗಳ ತುಂಬ ಜನ ಸೇರಿದ್ದರು. ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು. ಸಂಜೀವಣ್ಣ ನನ್ನನ್ನು ಕಂಡು ಭುಜ ಹಿಡಿದು ತಂದು ಪಂಕ್ತಿಯಲ್ಲಿ ಕೂರಿಸಿದರು.

ಪಕ್ಕದಲ್ಲಿ ಕುಳಿತಿದ್ದ, ಸುಳ್ಯದ ಕಡೆಯಿಂದ ಬಂದಿದ್ದ ವಯಸ್ಸಾದ ನೆಂಟರೊಬ್ಬರು ನನ್ನನ್ನು ತುಸು ಹೊತ್ತು ನೋಡಿದರು.

"ನೀವು ಗಟ್ಟದ ಮೇಲಿನವರಾ?"

"ಹೌದು. ಇಲ್ಲಿ ಗ್ರಾಮಸೇವಕನಾಗಿದ್ದೆ."

"ಜನಕ ಮಾರಾಯ್ರಾ ನೀವು?" ಅವರು ಅತ್ತ ಕುಳಿತವರಿಗೂ ಕೇಳುವಂತೆ ಹೇಳಿದರು. "ಇವರೇ ಮಾರಾಯ್ರೆ ಅದು. ಹೂ ಬಿಟ್ಟ ಗದ್ದೆ ಉಳುವಾಗ ಅಳ್ತಾ ಇದ್ದವರು."

ನಾನು ಅವರ ಮುಖ ನೋಡಿದೆ.

"ದೊಡ್ಡಕ್ಕ ಯಾವಾಗ್ಲೂ ಹೇಳುದು. ಪಾಪದ ಜನ, ಹೂವಿನ ಗಿಡ ಮಗುಚುದು ನೋಡ್ಲಿಕ್ಕೆ ಆಗುದಿಲ್ಲ ಅವರಿಗೆ. ವರ್ಷವೂ ನಾನು ಕೊಡೆ ಹಿಡಿದು, ಪಕ್ಕದಲ್ಲಿ ನಿಂತು ಸಮಾಧಾನ ಮಾಡುದು ಅಂತ. ಹೌದಾ, ಅಷ್ಟು ದುಃಖ ಆಗ್ತಿತ್ತಾ ನಿಮಗೆ?"

ಪಂಕ್ತಿಯ ಎರಡೂ ಬದಿಯವರು ನನ್ನನ್ನು ನೋಡುತ್ತಿದ್ದರು. ಬಡಿಸುತ್ತಿದ್ದ ಸಂಜೀವಣ್ಣನೂ ಕೈಯಲ್ಲಿ ಸೌಟು ಹಿಡಿದು ನಿಂತರು.

"ಹೌದು" ಎಂದೆ. "ತುಂಬ ಆಗ್ತಿತ್ತು."

ಸಂಜೀವಣ್ಣ ನನ್ನ ಎಲೆಗೆ ಇನ್ನೊಂದು ಸೌಟು ಬಡಿಸಿ ಮುಂದೆ ಹೋದರು.